ಮಿಷನ್ ತುಳಿದ ಕಾಲು

ಮೊದಲೇ ಹೇಳಿಬಿಡುತ್ತೇನೆ, ಡ್ರಮ್ ಕಲಿಯುವ ಆಸೆ ನನ್ನದು. ಗುಬ್ಬಿಯದಲ್ಲ. ಒಬ್ಬಳೇ ಹೋಗಲು ನಾಚಿಕೆಯಾಗಿ ಅವಳನ್ನು ಜೊತೆಗೆ ಕರೆದುಕೊಂಡು ಹೋದೆ, ಅಷ್ಟೇ. ಐವತ್ತೊಂದು ವರ್ಷದ ಹೆಂಗಸು ಕೈಯಲ್ಲಿ ಎರಡು ಕೋಲು ಹಿಡಿದು ಮೆಟ್ಟಿಲು ಹತ್ತುವಾಗ ಪಕ್ಕದಲ್ಲಿ ಇನ್ನೊಬ್ಬಳು ಇದ್ದರೆ ನೋಡುವವರು ಸ್ವಲ್ಪ ಕಮ್ಮಿ ನಗುತ್ತಾರೆ ಎಂದುಕೊಂಡಿದ್ದೆ. ನನ್ನ ಆ ಬುದ್ಧಿಗೆ ಬೆಂಕಿ ಹಾಕ.

ಗುಬ್ಬಿ ಎಂದರೆ ನನ್ನ ಓರಗಿತ್ತಿ, ಮೈದುನನ ಹೆಂಡತಿ. ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಆಳು ಗಿಡ್ಡ, ಮಾತು ಚುರುಕು, ಒಂದು ಕಡೆ ಕಾಲು ನಿಲ್ಲುವುದಿಲ್ಲ. ಮದುವೆಯಾಗಿ ಬಂದ ವಾರದೊಳಗೆ ಅತ್ತೆ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟರು. ನನ್ನನ್ನು ಇಪ್ಪತ್ತೆಂಟು ವರ್ಷದಿಂದ ‘ಏ ದೊಡ್ಡವಳೇ’ ಎಂದೇ ಕರೆಯುತ್ತಾರೆ. ಒಂದು ಅಡ್ಡಹೆಸರಿನ ಭಾಗ್ಯವೂ ನನಗೆ ಬರಲಿಲ್ಲ.

ನಮ್ಮ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ರಸ್ತೆಗೆ ಬಾಗಿಲು, ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಆಳೆತ್ತರದ ಕನ್ನಡಿ, ಕಿಟಕಿಯ ಬೆಳಕು ಬೀಳುವ ಕಡೆ ನನ್ನ ಮಿಷನ್ನು. ಕಾಲಲ್ಲಿ ತುಳಿಯುವ ಹಳೇ ಕಪ್ಪು ಮಿಷನ್ನು ಅದು. ಅತ್ತೆಯದು, ಅವರ ಕಣ್ಣು ಮಂಜಾದ ಮೇಲೆ ನನ್ನ ಕೈಗೆ ಬಂತು. ಅಳತೆ ನನ್ನದು, ಕತ್ತರಿ ನನ್ನದು, ಮಿಷನ್ನು ನನ್ನದು. ಗುಬ್ಬಿ ಬಾಗಿಲ ಬಳಿಯ ಗಿಡ್ಡ ಸ್ಟೂಲಿನ ಮೇಲೆ ಕೂತು ಕೈಕೆಲಸ ಮಾಡುತ್ತಾಳೆ: ಗುಂಡಿ ತೂರಿಸುವ ಕಾಜ ಹೊಲಿಯುವುದು, ಗುಂಡಿ ಹಾಕುವುದು, ಪ್ಯಾಂಟಿಗೆ ಹುಕ್ಕು, ಕೆಳಗಿನ ಅಂಚು. ಹದಿನಾರು ವರ್ಷದಿಂದ ಅದೇ ಏರ್ಪಾಡು. ಕೂತು ಮಾತಾಡಿ ತೀರ್ಮಾನಿಸಿದ್ದೇನಲ್ಲ. ನನ್ನ ಮಿಷನ್ನಿನ ಮುಂದೆ ನಾನು ಬಿಟ್ಟರೆ ಯಾರೂ ಕೂರುವುದಿಲ್ಲ, ಕೂರಲು ನಾನು ಬಿಡುವುದೂ ಇಲ್ಲ.

ಇಷ್ಟಾದರೂ ಅಂಗಡಿಗೆ ಬಂದವರು ಕೇಳುವುದು ಯಾರನ್ನು? “ಸಣ್ಣಮ್ಮ ಇಲ್ವಾ?” ಎಂದು. ಸೊಂಟ ನೋಯಿಸಿಕೊಂಡು ಶರಟು ಹೊಲಿದವಳು ನಾನು. ಕೊನೆಗೆ ಐದು ಗುಂಡಿ ಹಾಕಿ, ನಗುತ್ತಾ ಕೈಗೆ ಕೊಟ್ಟು ಹೊಗಳಿಸಿಕೊಳ್ಳುವವಳು ಅವಳು. ನೋಡಿ ನೋಡಿ ನನ್ನ ಹೊಟ್ಟೆ ಉರಿದು ಬೂದಿಯಾಗಬೇಕಿತ್ತು, ಆದರೆ ಆ ಉರಿ ಆರುವ ಜಾತಿಯದಲ್ಲ.

ಡ್ರಮ್ಮಿನ ವಿಷಯಕ್ಕೆ ಬರುತ್ತೇನೆ. ನನಗೆ ಒಂಬತ್ತು ವರ್ಷವಿದ್ದಾಗ ಶಾಲೆಯ ಮುಂದೆ ಒಂದು ಬ್ಯಾಂಡಿನವರು ಹೋದರು. ಸಾಲಿನ ಮುಂದೆ ಒಬ್ಬ ಹೆಂಗಸು ಕೊರಳಿಗೆ ಡ್ರಮ್ ನೇತುಹಾಕಿಕೊಂಡು ಬಾರಿಸುತ್ತಿದ್ದಳು. ಹಿಂದಿದ್ದ ಇಪ್ಪತ್ತು ಗಂಡಸರು ಅವಳ ಏಟಿಗೆ ಹೆಜ್ಜೆ ಹಾಕುತ್ತಿದ್ದರು. ನಾನು ಪಾಠ ಬಿಟ್ಟು ರಸ್ತೆಯ ಕೊನೆವರೆಗೂ ಹಿಂದೆ ಹೋಗಿ ಒಂದು ಚಪ್ಪಲಿ ಕಳೆದುಕೊಂಡು ಬಂದೆ. ಅಮ್ಮನಿಂದ ಬಿದ್ದ ಏಟು ಮರೆತಿದ್ದೇನೆ, ಆ ಡ್ರಮ್ಮಿನ ಏಟು ಮರೆತಿಲ್ಲ. ನಲವತ್ತೆರಡು ವರ್ಷ ಬಿಟ್ಟು, ನಮ್ಮ ಬೀದಿ ತಿರುವಿನ ಟೈರ್ ಅಂಗಡಿಯ ಮಹಡಿಯ ಮೇಲೆ ಬೋರ್ಡು ಬಿತ್ತು: ‘ಡ್ರಮ್ ಕಲಿಸಲಾಗುವುದು. ವಯಸ್ಸಿನ ಮಿತಿ ಇಲ್ಲ.’ ಆ ಎರಡನೇ ವಾಕ್ಯವನ್ನು ನನಗೋಸ್ಕರವೇ ಬರೆಸಿದ್ದಾರೆ ಎನ್ನಿಸಿತು.

ಊಟಕ್ಕೆ ಕೂತಾಗ ಹೇಳಿದೆ. ನನ್ನ ಗಂಡ ತಟ್ಟೆಯಿಂದ ತಲೆ ಎತ್ತದೆ, “ಈಗ ಮನೇಲಿರೋ ಸದ್ದು ಸಾಲ್ದಾ?” ಎಂದರು.

ಅತ್ತೆ ಕಿವಿಗೆ ಕೈ ಹಿಡಿದು, “ಯಾರಿಗೆ ಹೊಡೀತಾಳಂತೆ?” ಎಂದು ಕೇಳಿದರು.

“ಯಾರಿಗೂ ಇಲ್ಲ ಅತ್ತೆ, ಡ್ರಮ್ಮಿಗೆ,” ಎಂದಳು ಗುಬ್ಬಿ, ನಗು ತಡೆದುಕೊಂಡು. ಆಮೇಲೆ ನನ್ನ ಕಡೆ ತಿರುಗಿ, “ಅಕ್ಕ, ನಾನೂ ಬರ್ತೀನಿ. ಸುಮ್ನೆ ನೋಡೋಕೆ.”

ಸುಮ್ಮನೆ ನೋಡೋಕೆ! ಈ ಮಾತು ನೆನಪಿರಲಿ.

ಮೇಷ್ಟ್ರು ಅರವತ್ತು ದಾಟಿದವರು. ಬೋಳುತಲೆ, ಒಂದು ಕಿವಿಗೆ ಕೇಳಿಸಲು ಹಾಕುವ ಮಿಷನ್ನು, ಮಾತಾಡುವಾಗಲೂ ಬೆರಳು ಮೊಣಕಾಲ ಮೇಲೆ ಕುಣಿಯುತ್ತಿರುತ್ತದೆ. ಒಂದೇ ಕೋಣೆ, ಗೋಡೆಗೆಲ್ಲ ಹಳೇ ಹಾಸಿಗೆ ಬಡಿದಿದ್ದರು. ಕೆಳಗಿನಿಂದ ರಬ್ಬರಿನ ವಾಸನೆ ಬರುತ್ತಿತ್ತು. ನಡುವೆ ಕೆಂಪು ಬಣ್ಣದ ಡ್ರಮ್ ಸೆಟ್ಟು. ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರು ಗಂಟೆಗೆ, ಅಂಗಡಿಯಲ್ಲಿ ಗಿರಾಕಿ ಕಮ್ಮಿ ಇರುವ ಹೊತ್ತಿಗೆ ನಮ್ಮ ಪಾಠ.

“ಬಲಗಾಲು ಇಲ್ಲಿ,” ಎಂದರು ಮೇಷ್ಟ್ರು. ದೊಡ್ಡ ಡ್ರಮ್ಮಿನ ಪೆಡಲು ಅದು, ಒತ್ತಿದರೆ ಒಳಗಿಂದ ‘ಧಂ’ ಎನ್ನುತ್ತದೆ. “ಎಡಗಾಲು ಇಲ್ಲಿ.” ಒಂದರ ಮೇಲೊಂದು ಕವುಚಿದ ಎರಡು ಹಿತ್ತಾಳೆ ತಟ್ಟೆಗಳ ಪೆಡಲು, ಅದನ್ನು ಒತ್ತಿಯೇ ಇರಬೇಕು, ಬಿಟ್ಟರೆ ತಟ್ಟೆ ಬಾಯಿ ಬಿಡುತ್ತದೆ. “ಬಲಗೈ ಆ ತಟ್ಟೆ ಮೇಲೆ, ಎಡಗೈ ಮುಂದಿನ ಚಿಕ್ಕ ಡ್ರಮ್ ಮೇಲೆ. ಒಂದು, ಎರಡು, ಮೂರು, ನಾಕು. ಒಂದಕ್ಕೂ ಮೂರಕ್ಕೂ ಬಲಗಾಲು. ಎರಡಕ್ಕೂ ನಾಕಕ್ಕೂ ಎಡಗೈ. ಇಷ್ಟೇ ಅಮ್ಮ, ಇದು ಬಂದ್ರೆ ಅರ್ಧ ಪ್ರಪಂಚ ಬಂತು.”

ನನಗೆ ಆ ಅರ್ಧ ಪ್ರಪಂಚ ಬರಲಿಲ್ಲ. ಯಾಕೆಂದರೆ ನನ್ನ ಕಾಲು ಎರಡಲ್ಲ, ಒಂದು. ಇಪ್ಪತ್ತೆಂಟು ವರ್ಷ ಮಿಷನ್ನು ತುಳಿದವರನ್ನು ಕೇಳಿ ನೋಡಿ. ಎರಡೂ ಪಾದ ಒಂದೇ ಹಲಗೆಯ ಮೇಲೆ, ಒಟ್ಟಿಗೆ ಮುಂದೆ, ಒಟ್ಟಿಗೆ ಹಿಂದೆ. ಬಲಗಾಲು ಒತ್ತಿದೆನೋ ಇಲ್ಲವೋ ಎಡಗಾಲು ಜೊತೆಗೇ ಹೊರಡುತ್ತಿತ್ತು. ‘ಧಂ’ ಎಂದಾಗಲೆಲ್ಲ ಎಡಗಡೆ ತಟ್ಟೆ ಬಾಯಿ ಬಿಟ್ಟು ‘ಛಸ್’ ಎನ್ನುವುದು. ಒಂದಕ್ಕೂ ಮೂರಕ್ಕೂ ತುಳಿಯಿರಿ ಎಂದರೆ ನಾನು ಒಂದು, ಎರಡು, ಮೂರು, ನಾಕು, ಎಲ್ಲಕ್ಕೂ ತುಳಿಯುತ್ತಿದ್ದೆ. ಮಿಷನ್ನಿನಲ್ಲಿ ನಡುವೆ ಬಿಟ್ಟರೆ ದಾರ ಕಿತ್ತುಹೋಗುತ್ತದಲ್ಲ, ಕಾಲಿಗೆ ಆ ಭಯ.

ಇನ್ನೊಂದು ಫಜೀತಿ ಇತ್ತು. ಮಿಷನ್ನು ನಿಲ್ಲಿಸಬೇಕಾದರೆ ಬಲಗೈಯನ್ನು ಪಕ್ಕದ ಚಕ್ರದ ಮೇಲೆ ಇಡುತ್ತೇವೆ. ಇಲ್ಲಿ ಮೇಷ್ಟ್ರು “ನಿಲ್ಸಿ” ಎಂದ ತಕ್ಷಣ ನನ್ನ ಬಲಗೈ ಕೋಲು ಬಿಟ್ಟು ಬಲಕ್ಕೆ ಹೋಗಿ ಅಲ್ಲಿ ನಿಂತಿದ್ದ ದೊಡ್ಡ ತಾಳದ ತಟ್ಟೆಯನ್ನು ಗಪ್ಪನೆ ಹಿಡಿದುಕೊಳ್ಳುತ್ತಿತ್ತು.

“ಅಮ್ಮ, ಅದು ಮಿಷನ್ ಚಕ್ರ ಅಲ್ಲ, ಬಿಡಿ!” ಎಂದು ಮೇಷ್ಟ್ರು ನಕ್ಕರು. ಗುಬ್ಬಿಯೂ ನಕ್ಕಳು. ಅವಳು ನಕ್ಕಿದ್ದೇ ನನ್ನ ಮೈಯೆಲ್ಲ ಉರಿಯಿತು.

ಮೂರನೇ ದಿನ ನಾನು ಬೆವರು ಒರೆಸಿಕೊಳ್ಳಲು ಎದ್ದೆ. ಮೇಷ್ಟ್ರು ಅವಳ ಕಡೆ ನೋಡಿ, “ನೀವೂ ಒಂದ್ಸಲ ಕೂತ್ಕೊಳ್ಳಿ, ಸುಮ್ನೆ ಬರ್ತೀರಲ್ಲ,” ಎಂದರು. ಅವಳು “ಅಯ್ಯೋ ನಂಗೆಲ್ಲಿ ಬರತ್ತೆ” ಎನ್ನುತ್ತಲೇ ಹೋಗಿ ಕೂತಳು. ಹತ್ತು ನಿಮಿಷವೂ ಆಗಿರಲಿಲ್ಲ. ಧಂ, ಟಕ್, ಧಂ, ಟಕ್. ಎಡಗಾಲು ಅಂಟು ಹಾಕಿದ ಹಾಗೆ ಕದಲದೆ ಕೂತಿತ್ತು. ಬಲಗಾಲು ತನ್ನ ಪಾಡಿಗೆ ತಾನು. ಕೈಗಳಂತೂ ಒಂದರ ಉಸಾಬರಿ ಇನ್ನೊಂದಕ್ಕಿಲ್ಲ. ಒಂದು ಕೈಯಲ್ಲಿ ಬಟ್ಟೆ ಹಿಡಿದು ಇನ್ನೊಂದರಲ್ಲಿ ಸೂಜಿ ಆಡಿಸಿದವಳಲ್ಲವೇ!

“ಎಲ್ಲಿ ಬಚ್ಚಿಟ್ಟಿದ್ರಮ್ಮ ಇವ್ರನ್ನ?” ಎಂದು ಮೇಷ್ಟ್ರು ನನ್ನನ್ನು ಕೇಳಿದರು. ನನ್ನನ್ನು! ಆ ಬೋಳುತಲೆಯ ಮೇಲೆ ಎರಡೂ ಕೋಲು ಮುರಿಯಬೇಕು ಎನ್ನಿಸಿತು. “ಹೂಂ, ಚೆನ್ನಾಗಿ ಬಾರಿಸ್ತಾಳೆ,” ಎಂದೆ. ಹರಳೆಣ್ಣೆ ಕುಡಿದ ಮುಖದಲ್ಲಿ ಹೇಳಿದೆ ಎಂದು ಬೇರೆ ಹೇಳಬೇಕಾಗಿಲ್ಲ.

ಅವತ್ತಿನಿಂದ ನನ್ನ ಪಾಠ ನಮ್ಮ ಪಾಠವಾಯಿತು. ಮನೆಯಲ್ಲೂ ಬಿಡುವಿಲ್ಲ. ಅವಳು ಕಾಜ ಹೊಲಿಯುತ್ತಾ ಕಾಲಲ್ಲಿ ನೆಲ ತಟ್ಟುತ್ತಿದ್ದಳು, ಮೇಜಿನ ಮೇಲೆ ಮರದ ಸ್ಕೇಲಿನಿಂದ ತಾಳ ಹಾಕುತ್ತಿದ್ದಳು. ಗಿರಾಕಿಗಳು ನಿಂತು ಕೇಳುವರು. ಅತ್ತೆಗೆ ಯಾವ ಮಾತೂ ಕೇಳಿಸುವುದಿಲ್ಲ, ಆದರೆ ಗುಬ್ಬಿಯ ತಾಳ ಮಾತ್ರ ಮಂಚದ ಕಾಲಿನ ಮೂಲಕ ಹೋಗಿ ತಲುಪುತ್ತಿತ್ತಂತೆ. “ಗುಬ್ಬಿ ಕೈ ನೋಡು, ಎಷ್ಟು ಹದವಾಗಿದೆ,” ಎನ್ನುವರು. ನಾನು ಮಿಷನ್ನಿನ ಮುಂದೆ ಕೂತು ಬಲಗಾಲು ಒಂದರಲ್ಲೇ ತುಳಿಯಲು ನೋಡಿ ಸೂಜಿ ಮುರಿದೆ. ಒಂದೇ ವಾರದಲ್ಲಿ ಮೂರು ಸೂಜಿ.

ಒಂದು ದಿನ ಅವಳೇ, “ಅಕ್ಕ, ಎಡಗಾಲು ನಾನು ಹಿಡ್ಕೊಳ್ಳಲಾ? ನೀವು ಬಲಗಾಲು ಒಂದೇ ಒತ್ತಿ ನೋಡಿ,” ಎಂದು ನನ್ನ ಕಾಲ ಬುಡದಲ್ಲಿ ಕೂತಳು.

“ನೀನೇನು ನಂಗೆ ಮೇಷ್ಟ್ರಾ? ಹೋಗಿ ಗುಂಡಿ ಹಾಕು ಹೋಗೇ,” ಎಂದು ರೇಗಿದೆ. ಅವಳ ಮುಖ ಸಪ್ಪಗಾಯಿತು. ನನ್ನ ಹೊಟ್ಟೆಗೆ ಸ್ವಲ್ಪ ಹಾಲು ಹೊಯ್ದ ಹಾಗಾಯಿತು, ಸುಳ್ಳು ಯಾಕೆ ಹೇಳಲಿ.

ಐದು ತಿಂಗಳಾದ ಮೇಲೆ ಮೇಷ್ಟ್ರು ಕಾರ್ಯಕ್ರಮದ ವಿಷಯ ತೆಗೆದರು. ಮೇಷ್ಟ್ರು ಮತ್ತು ಅವರ ಸ್ನೇಹಿತರು ಕಲಿಸುವ ಶಿಷ್ಯರೆಲ್ಲ ಸೇರಿ ಹತ್ತಿರದ ಶಾಲೆಯ ಸಭಾಂಗಣದಲ್ಲಿ ಒಂದು ಭಾನುವಾರ ಸಂಜೆ ನುಡಿಸುವುದು. ಗಿಟಾರಿನವರು, ಕೀಬೋರ್ಡಿನವರು, ಹಾಡುವವರು, ಒಟ್ಟು ಹನ್ನೊಂದು ಜನ. ಹೊಸಬರಿಗೆ ಒಂದೇ ಒಂದು ಹಾಡು. ಡ್ರಮ್ ಸೆಟ್ಟೂ ಒಂದೇ, ಅದರ ಹಿಂದೆ ಕೂರುವವರೂ ಒಬ್ಬರೇ.

ಆ ಜಾಗ ನನಗೆ ಬೇಕಿತ್ತು. ಅಷ್ಟು ಬೇಕು ಎಂದು ನಾನು ಜೀವನದಲ್ಲಿ ಇನ್ನೇನನ್ನೂ ಕೇಳಿಕೊಂಡಿಲ್ಲ. ಮುಂದಿನ ಸಾಲಿನಲ್ಲಿ ಗಂಡ, ಅತ್ತೆ, ‘ಸಣ್ಣಮ್ಮ ಇಲ್ವಾ’ ಎನ್ನುವ ಗಿರಾಕಿಗಳು ಕೂತಿರಬೇಕು, ನಾನು ಬಾರಿಸಬೇಕು, ಮಿಕ್ಕವರೆಲ್ಲ ನನ್ನ ಏಟಿಗೆ ನುಡಿಸಬೇಕು. ಚಪ್ಪಲಿ ಕಳೆದುಕೊಂಡ ದಿನದಿಂದ ಬೇಕಿದ್ದದ್ದು ಇದೇ ಎಂದು ಅವತ್ತು ಸ್ಪಷ್ಟವಾಗಿ ತಿಳಿಯಿತು.

ಮೇಷ್ಟ್ರು ಇಬ್ಬರ ಕೈಯಲ್ಲೂ ಹಾಡಿನ ಜೊತೆ ಬಾರಿಸಿ ನೋಡಿದರು. ನಾನು ಧಂ-ಛಸ್, ಧಂ-ಛಸ್ ಎನ್ನಿಸಿ, ಹಾಡು ಮುಗಿಯುವಷ್ಟರಲ್ಲಿ ಹಾಡಿಗಿಂತ ಮುಂದೆ ಹೋಗಿ, ಕೊನೆಗೆ ತಾಳದ ತಟ್ಟೆ ಹಿಡಿದುಕೊಂಡು ನಿಂತೆ. ಗುಬ್ಬಿ ಗಡಿಯಾರದ ಹಾಗೆ ಬಾರಿಸಿದಳು. ಮೇಷ್ಟ್ರು ಕಿವಿಯ ಮಿಷನ್ನು ಸರಿ ಮಾಡಿಕೊಂಡು, ನನ್ನ ಕಣ್ಣು ತಪ್ಪಿಸಿ, “ಈ ಸಲ ಅವ್ರು ಕೂತ್ಕೊಳ್ಳಲಿ. ನಿಮಗೂ ಕೆಲ್ಸ ಇದೆ ಅಮ್ಮ,” ಎಂದು ನನ್ನ ಕೈಗೆ ಒಂದು ಗಿಲಕಿ ಕೊಟ್ಟರು. ಗಿಲಕಿ! ಒಳಗೆ ಕಾಳು ತುಂಬಿ, ಅಲ್ಲಾಡಿಸಿದರೆ ಗಲಗಲ ಎನ್ನುತ್ತದಲ್ಲ, ಅದು. ಹಾಲು ಕುಡಿಯುವ ಮಕ್ಕಳ ಕೈಗೆ ಕೊಡುವಂಥದ್ದು.

ಮೆಟ್ಟಿಲು ಇಳಿಯುವಾಗ ಗುಬ್ಬಿ, “ಅಕ್ಕ, ನಾನು ಬೇಡ ಅಂದ್ಬಿಡ್ಲಾ?” ಎಂದಳು.

“ಧಾರಾಳವಾಗಿ ಬಾರಿಸು. ನಂಗೇನಂತೆ,” ಎಂದೆ. ಬೇಡ ಎನ್ನುವುದಾದರೆ ಮೇಷ್ಟ್ರ ಮುಂದೆ ಅನ್ನಬೇಕಿತ್ತು. ಅರ್ಧ ಮೆಟ್ಟಿಲಿಳಿದ ಮೇಲೆ ಕೇಳುವುದು ಯಾರಿಗೆ ಬೇಕು?

ಎಲ್ಲರಿಗೂ ಬಿಳಿ ಶರಟು, ಕಪ್ಪು ಪ್ಯಾಂಟು ಎಂದು ತೀರ್ಮಾನವಾಯಿತು. ಹೊಲಿಯುವುದು ಯಾರು? ನಾನೇ. ಹನ್ನೊಂದು ಪ್ಯಾಂಟು ಕತ್ತರಿಸಿದೆ. ಹತ್ತನ್ನು ಹೇಗೆ ಹೊಲಿಯಬೇಕೋ ಹಾಗೆ ಹೊಲಿದೆ. ಹನ್ನೊಂದನೆಯದು ಗುಬ್ಬಿಯದು.

ಈಗ ಹೇಳುವುದನ್ನು ಇವತ್ತಿನವರೆಗೆ ನನ್ನ ಗಂಡನಿಗೂ ಹೇಳಿಲ್ಲ. ನಿಂತಾಗ ಸರಿಯಾಗಿದ್ದು ಕೂತಾಗ ಕಚ್ಚಿ ಹಿಡಿಯುವ ಪ್ಯಾಂಟನ್ನು ಹೊಲಿಯುವುದು ಹೇಗೆ ಎಂದು ಒಬ್ಬ ದರ್ಜಿಗೆ ಗೊತ್ತಿರುತ್ತದೆ. ಯಾಕೆಂದರೆ ಹಾಗಾಗದಂತೆ ನೋಡಿಕೊಳ್ಳುವುದೇ ನಮ್ಮ ಕಸುಬು. ಹಿಂಭಾಗದ ಸೀಟಿನ ಹೊಲಿಗೆಯನ್ನು ಎರಡೂ ಕಡೆ ಅರ್ಧರ್ಧ ಇಂಚು ಒಳಕ್ಕೆ ತಂದೆ. ತೊಡೆಯ ಒಳಗಡೆ ಇನ್ನೊಂದಿಷ್ಟು. ಡ್ರಮ್ ಬಾರಿಸುವವರು ಕಾಲು ಅಗಲಿಸಿ ಕೂರಬೇಕು, ಬಲಮೊಣಕಾಲು ಏಳಬೇಕು. ಇದರಲ್ಲಿ ಏಳುವುದಿಲ್ಲ. ಹರಿಯುವಷ್ಟು ಬಿಗಿ ಮಾಡಲಿಲ್ಲ, ಅಷ್ಟು ಕೆಟ್ಟವಳಲ್ಲ ನಾನು. ಅವಳ ಬಲಗಾಲು ಒಂದೇ ಒಂದು ಹಾಡಿನ ಮಟ್ಟಿಗೆ ನನ್ನ ಕಾಲಿನ ಹಾಗಾದರೆ ಸಾಕಿತ್ತು. ಆಮೇಲೆ ಒಳಗೆ ಬಿಟ್ಟಿದ್ದ ಹೆಚ್ಚಿನ ಬಟ್ಟೆಯನ್ನೂ ಕತ್ತರಿಸಿ ಚಿಂದಿ ಚೀಲಕ್ಕೆ ಹಾಕಿದೆ. ಬಿಚ್ಚಿ ಸಡಿಲ ಮಾಡೋಣವೆಂದರೂ ಬಟ್ಟೆ ಇರಬಾರದು. ಕಸುಬಿಗೆ ಬಂದ ಮೇಲೆ ಮೊದಲ ಸಲ ಹಾಗೆ ಮಾಡಿದ್ದು.

ಕನ್ನಡಿಯ ಮುಂದೆ ನಿಲ್ಲಿಸಿ ಹಾಕಿಸಿ ನೋಡಿದೆ. ನಿಂತಾಗ ಏನು ಚೆಂದ! “ನೀವು ಹೊಲಿದ್ರೆ ಕೇಳ್ಬೇಕಾ ಅಕ್ಕ,” ಎಂದು ಅತ್ತಿಂದಿತ್ತ ತಿರುಗಿ ನೋಡಿಕೊಂಡಳು. “ಕೂತು ನೋಡ್ತೀನಿ” ಎಂದಾಳು ಎಂದು ಗಿಡ್ಡ ಸ್ಟೂಲನ್ನು ಕಾಲಲ್ಲೇ ಮೇಜಿನ ಕೆಳಗೆ ತಳ್ಳಿದೆ. ಅಷ್ಟರಲ್ಲಿ ಗಿರಾಕಿ ಬಂದರು, ನಾನು “ಬಿಚ್ಚಿಡು, ಬಿಚ್ಚಿಡು” ಎಂದು ಅವಸರ ಮಾಡಿದೆ.

ಹುಕ್ಕು, ಗುಂಡಿ, ಅಂಚು ಹೊಲಿಯಲು ಹನ್ನೊಂದೂ ಪ್ಯಾಂಟು ಮಾಮೂಲಿನಂತೆ ಅವಳ ಸ್ಟೂಲಿನ ಪಕ್ಕ ಹೋದವು. ಆ ವಾರವೆಲ್ಲ ಅವಳು ಅಷ್ಟಾಗಿ ಮಾತಾಡಲಿಲ್ಲ. ಸ್ಕೇಲಿನ ತಾಳವೂ ಇಲ್ಲ. ಕಾರ್ಯಕ್ರಮದ ಭಯ ಎಂದುಕೊಂಡೆ. ಭಯಪಡಲಿ ಎಂದೂ ಅಂದುಕೊಂಡೆ.

ಭಾನುವಾರ ಬಂತು. ಸಭಾಂಗಣದ ತುಂಬ ಜನ, ಮಡಚುವ ಕುರ್ಚಿಗಳ ಕಿರುಗುಟ್ಟುವಿಕೆ, ಮೈಕಿನ ಕೂಗಾಟ. ಮುಂದಿನ ಸಾಲಿನಲ್ಲಿ ಅತ್ತೆ, ಅಕ್ಕಪಕ್ಕ ಅವರ ಇಬ್ಬರು ಗಂಡುಮಕ್ಕಳು, ನನ್ನ ಗಂಡ ಮತ್ತು ಮೈದುನ. ನಮ್ಮ ಸರದಿ ಬಂದಾಗ ವೇದಿಕೆ ಹತ್ತಿದೆವು. ನಾನು ಡ್ರಮ್ಮಿನಿಂದ ಎರಡು ಹೆಜ್ಜೆ ದೂರ, ಗಿಲಕಿ ಹಿಡಿದುಕೊಂಡು. ಗುಬ್ಬಿ ಹೋಗಿ ಡ್ರಮ್ಮಿನ ಹಿಂದಿನ ಸೀಟಿನ ಮುಂದೆ ನಿಂತಳು. ಕಣ್ಣು ಅವಳ ಮೊಣಕಾಲಿಗೆ ನೆಟ್ಟಿದ್ದೆ.

ಅವಳು ಕೂತಳು. ಕಾಲು ಅಗಲಿಸಿದಳು. ಪೆಡಲಿನ ಮೇಲೆ ಪಾದ ಇಟ್ಟು ಮೊಣಕಾಲು ಒಂದು ಸಲ ಎತ್ತಿ ಇಳಿಸಿದಳು, ಮನೆಯ ಜಗಲಿಯ ಮೇಲೆ ಕೂತಷ್ಟು ಆರಾಮಾಗಿ. ಬಟ್ಟೆ ಎಲ್ಲೂ ಕಚ್ಚಲಿಲ್ಲ. ನನ್ನ ಕೈ ತಪ್ಪಿತೇ? ಬೇರೆಯವರ ಪ್ಯಾಂಟು ಹಾಕಿಕೊಂಡಿದ್ದಾಳೆಯೇ? ಹಾಗೆ ನೋಡುತ್ತಿರುವಾಗಲೇ ಅವಳು ಕೋಲಿಗೆ ಕೋಲು ತಟ್ಟಿ ನಾಲ್ಕು ಎಣಿಸಿದಳು, ಹಾಡು ಶುರುವಾಗಿಹೋಯಿತು. ನಾನು ಗಿಲಕಿ ಅಲ್ಲಾಡಿಸುವುದನ್ನೇ ಮರೆತೆ. ಗಿಟಾರಿನವನು ಮೊಣಕೈಯಿಂದ ತಿವಿದ ಮೇಲೆ ಗಲಗಲ ಎನ್ನಿಸಿದೆ.

ಚೆನ್ನಾಗಿ ಬಾರಿಸಿದಳು. ಹೇಳಲು ಇಷ್ಟವಿಲ್ಲ, ಆದರೆ ಚೆನ್ನಾಗಿಯೇ ಬಾರಿಸಿದಳು. ಹಾಡಿನ ಕೊನೆಯಲ್ಲಿ ಬಲಗಡೆಯ ದೊಡ್ಡ ತಾಳದ ತಟ್ಟೆಗೆ ಒಂದು ಜೋರು ಏಟು ಹೊಡೆದು, ಅದರ ಸದ್ದು ತಾನಾಗಿ ಕರಗಲು ಬಿಡಬೇಕು ಎಂದು ಮೇಷ್ಟ್ರು ಹೇಳಿಕೊಟ್ಟಿದ್ದರು. ಅವಳು ಏಟು ಹೊಡೆದಳು. ಹೊಡೆದ ಮರುಕ್ಷಣ ಕೈ ಚಾಚಿ ತಟ್ಟೆಯನ್ನು ಗಪ್ಪನೆ ಹಿಡಿದಳು. ಸದ್ದು ಕತ್ತರಿಸಿದ ಹಾಗೆ ನಿಂತಿತು. ಆಮೇಲೆ ನೋಡಿ ಆ ಚಪ್ಪಾಳೆ!

ಅದು ನನ್ನದು. ಆ ಕೈ ನನ್ನದು, ಆ ತಪ್ಪು ನನ್ನದು. ಇದೇ ಕೈ ಐದು ತಿಂಗಳು ನಗೆಪಾಟಲಾಗಿತ್ತು, ಇವಳ ಮೈಗೆ ಹೋದ ತಕ್ಷಣ ಚಪ್ಪಾಳೆಯಾಯಿತು. ನನ್ನ ಆಸೆ ಕಿತ್ತುಕೊಂಡಳು, ಜಾಗ ಕಿತ್ತುಕೊಂಡಳು, ಕೊನೆಗೆ ನನ್ನ ತಪ್ಪನ್ನೂ ಬಿಡಲಿಲ್ಲ. ವೇದಿಕೆ ಇಳಿಯುವಾಗ ಮೇಷ್ಟ್ರು ಓಡಿ ಬಂದು, “ಹಾಗೆ ನಿಲ್ಸೋದು ಯಾರಮ್ಮ ಹೇಳ್ಕೊಟ್ಟಿದ್ದು? ದೊಡ್ಡ ದೊಡ್ಡವ್ರು ಮಾಡೋದು ಅದು,” ಎಂದರು.

“ಅಕ್ಕ,” ಎಂದಳು ಗುಬ್ಬಿ ನನ್ನ ಕಡೆ ತೋರಿಸಿ. ನನಗೆ ಇನ್ನೂ ಸಿಟ್ಟು ಬಂತು.

ಬಟ್ಟೆ ಬದಲಾಯಿಸಲು ವೇದಿಕೆಯ ಹಿಂದೆ ಹೆಂಗಸರಿಗೆ ಒಂದು ಕೋಣೆ ಇತ್ತು. ಇವತ್ತು ಬಾಯಿಗೆ ಬಂದದ್ದೆಲ್ಲ ಅಂದುಬಿಡುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಹೋದೆ. ಅವಳು ಆಗಲೇ ಮನೆಯ ಬಟ್ಟೆ ಹಾಕಿಕೊಂಡು ಮುಖ ತೊಳೆಯಲು ಹೋಗಿದ್ದಳು. ಪ್ಯಾಂಟು ಕುರ್ಚಿಯ ಮೇಲಿತ್ತು. ಕೈಗೆತ್ತಿಕೊಂಡು ಒಳಮೈ ಹೊರಗೆ ಮಾಡಿದೆ. ಹೊಲಿಗೆ ನೋಡುವುದು ನಮಗೆ ಹುಟ್ಟುಗುಣ.

ನಾಲ್ಕು ಹೊಲಿಗೆ ಕೂಡುವ ಜಾಗದಲ್ಲಿ, ಎರಡು ತೊಡೆಗಳ ನಡುವೆ, ಎಲೆಯಾಕಾರದ ಒಂದು ಕಪ್ಪು ತುಂಡು ಕೂರಿಸಿತ್ತು. ಸೀಟಿನ ಹೊಲಿಗೆಯನ್ನೂ ಬಿಚ್ಚಿ ಉದ್ದಕ್ಕೆ ಒಂದು ಬೆರಳಗಲದ ಪಟ್ಟಿ ಸೇರಿಸಿತ್ತು. ಕಾಲು ಎಷ್ಟು ಅಗಲಿಸಿದರೂ ಬಟ್ಟೆ ಬರುವಂತೆ. ನಾನು ಕತ್ತರಿಸಿ ಚಿಂದಿ ಚೀಲಕ್ಕೆ ಹಾಕಿದ್ದ ಅದೇ ಚೂರುಗಳು. ಅಷ್ಟನ್ನೂ ಕೈಯಲ್ಲೇ ಹೊಲಿದಿದ್ದಳು. ಒಂದೊಂದು ಹೊಲಿಗೆಯೂ ಎಳ್ಳಿನಷ್ಟು, ಸಾಲು ದಾರ ಎಳೆದಷ್ಟು ನೇರ. ಮೇಲಿನಿಂದ ನೋಡಿದರೆ ದೇವರಾಣೆ ಗೊತ್ತಾಗುವುದಿಲ್ಲ. ಆ ಸ್ಥಿತಿಯಲ್ಲೂ ನನಗೆ ಹೊಳೆದದ್ದು, ನನ್ನ ಮಿಷನ್ನಿನ ಹೊಲಿಗೆಗಿಂತ ಇದು ಚೆನ್ನಾಗಿದೆಯಲ್ಲ ಎಂದು. ಆಮೇಲೆ ಅದನ್ನು ಹಿಡಿದುಕೊಂಡೇ ಕುರ್ಚಿಯ ಮೇಲೆ ಕೂತೆ.

ಗುಬ್ಬಿ ಮುಖ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಬಾಗಿಲು ಮುಂದೆ ಮಾಡಿದಳು.

“ಯಾವಾಗ ಗೊತ್ತಾಯ್ತು?” ಎಂದೆ.

“ಹುಕ್ಕು ಹಾಕುವಾಗ. ಹದಿನಾರು ವರ್ಷ ನೀವು ಹೊಲಿದ ಪ್ಯಾಂಟು ತಿರುಗಿಸಿ ನೋಡಿದೀನಿ ಅಕ್ಕ. ಒಳಗೆ ಬಟ್ಟೆ ಬಿಡದೆ ನೀವು ಯಾವತ್ತೂ ಹೊಲಿದೋರಲ್ಲ.”

“ಆಗ್ಲೇ ಯಾಕೆ ಕೇಳ್ಲಿಲ್ಲ?”

“ಏನಂತ ಕೇಳ್ಲಿ? ಎರಡು ದಿನ ನಿಮ್ಮ ಮುಖ ನೋಡೋಕಾಗ್ಲಿಲ್ಲ ನಂಗೆ. ಕತ್ತರಿ ತಗೊಂಡು ಚೂರು ಚೂರು ಮಾಡಿ ನಿಮ್ಮ ಮಿಷನ್ ಮೇಲೆ ಇಡೋಣ ಅನ್ನಿಸ್ತು.” ಸಮಾಧಾನದ ಹೆಣ್ಣು ಎಂದು ನಾವೆಲ್ಲ ಅಂದುಕೊಂಡಿರುವ ಗುಬ್ಬಿಯ ಕುತ್ತಿಗೆಯ ನರ ಉಬ್ಬಿತ್ತು. “ನಿಮಗೆ ನನ್ನ ಕಂಡ್ರೆ ಹೊಟ್ಟೆಕಿಚ್ಚು. ಇದು ಗೊತ್ತಿಲ್ದೆ ಇರೋಕೆ ನಾನೇನು ಮಗುನಾ? ಆದ್ರೆ ನಿಮಗೊಬ್ರಿಗೇ ಅಂದ್ಕೊಂಡಿದೀರಾ?”

“ಅಂದ್ರೆ?”

“ಮದುವೆಗೆ ಮುಂಚೆ ನಾನು ಮಿಷನ್ ಕೆಲಸ ಅರ್ಧ ಕಲ್ತಿದ್ದೆ. ಅತ್ತೆ ಹೇಳಿರ್ಲಿಲ್ವಾ? ಇಲ್ಲಿಗೆ ಬಂದ ಮೊದಲನೇ ವಾರ ಹೋಗಿ ನಿಮ್ಮ ಮಿಷನ್ ಮುಂದೆ ಕೂತೆ. ನೀವು ಏನೂ ಅನ್ಲಿಲ್ಲ. ಬಂದು, ಸುಮ್ನೆ ಚಕ್ರದ ಮೇಲೆ ಕೈ ಇಟ್ಟು ನಿಲ್ಸಿದ್ರಿ. ಎದ್ದೆ. ಹದಿನಾರು ವರ್ಷ ಆ ಸ್ಟೂಲ್ ಮೇಲಿಂದ ನಿಮ್ಮ ಕಾಲೇ ನೋಡ್ತಾ ಕಾಜ ಹೊಲ್ದಿದೀನಿ. ಒಂದು ದಿನ ‘ಬಾರೇ, ನೀನೂ ಕೂತ್ಕೋ’ ಅಂದಿದೀರಾ ಅಕ್ಕ? ಇವತ್ತು ಆ ತಟ್ಟೆ ಹಿಡಿದಾಗ ನಂಗೆ ನೆನಪಾಗಿದ್ದು ಅದೇ.”

ನನಗೆ ಆ ದಿನ ನೆನಪೇ ಇರಲಿಲ್ಲ. ಅವಳಿಗೆ ಪ್ರತಿಯೊಂದೂ ನೆನಪಿತ್ತು. ನೆಲ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಎನ್ನಿಸಿತು. ಕ್ಷಮಿಸು ಎನ್ನಬೇಕಿತ್ತು. ಅದರ ಬದಲು ಪ್ಯಾಂಟನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ಅತ್ತೆಯೊಬ್ಬರೇ ದಾರಿಯುದ್ದಕ್ಕೂ “ಗುಬ್ಬಿ ಏನು ಬಾರಿಸಿದ್ಲು!” ಎನ್ನುತ್ತಾ ಬಂದರು. ಅವರಿಗೆ ಎಷ್ಟು ಕೇಳಿಸಿತ್ತೋ ದೇವರಿಗೇ ಗೊತ್ತು.

ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದೆ. ಮಿಷನ್ನಿನ ಮೇಲಿನ ಬಟ್ಟೆ ಸರಿಸಿ, ಎಣ್ಣೆ ಬಿಟ್ಟು, ದಾರ ಹಾಕಿದೆ. ಆಮೇಲೆ ಹೋಗಿ ಬಾಗಿಲ ಬಳಿಯ ಗಿಡ್ಡ ಸ್ಟೂಲಿನ ಮೇಲೆ ಕೂತೆ. ಅಷ್ಟು ಗಿಡ್ಡ ಎಂದು ಗೊತ್ತಿರಲಿಲ್ಲ. ಮೊಣಕಾಲು ಗದ್ದಕ್ಕೆ ಬರುತ್ತದೆ.

ಗುಬ್ಬಿ ಒಳಗಿಂದ ಬಂದವಳು ನಿಂತಲ್ಲೇ ನಿಂತಳು.

“ಏನು ನೋಡ್ತೀಯ? ಹೋಗಿ ಕೂತ್ಕೋ,” ಎಂದೆ. “ದಿಂಬಿನ ಚೀಲ ಆರು ಇದೆ, ನೇರ ಹೊಲಿಗೆ.”

ಅವಳು ನನ್ನನ್ನು ನೋಡಿದಳು, ಮಿಷನ್ನನ್ನು ನೋಡಿದಳು. ಹೋಗಿ ಕೂತಳು. ಪಾದ ಹಲಗೆಯ ಮೇಲಿಟ್ಟು ತುಳಿದಳು. ಬಲಗಾಲು ಹೊರಟಿತು, ಎಡಗಾಲು ಕದಲಲಿಲ್ಲ. ಡ್ರಮ್ಮಿನ ಕಾಲು! ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಕಿತ್ತುಹೋಯಿತು. ಇನ್ನೊಂದು ಸಲ ತುಳಿದಳು, ಒಂದಕ್ಕೂ ಮೂರಕ್ಕೂ ಮಾತ್ರ. ಮತ್ತೆ ಕಿತ್ತಿತು. ಗುಬ್ಬಿಗೂ ಬಾರದ್ದು ಒಂದಿದೆ! ತಿಂಗಳುಗಳಾದ ಮೇಲೆ ಮೊದಲ ಸಲ ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

“ನಗ್ರೀ, ನಗ್ರೀ,” ಎಂದಳು ಅವಳು, ತುಟಿ ಕಚ್ಚಿಕೊಂಡು. ಆದರೆ ಅವಳಿಗೂ ನಗು ಬಂತು.

“ಎರಡೂ ಕಾಲು ಒಟ್ಟಿಗೆ ಕಣೇ. ಎಡಗಾಲು ನಾನು ಹಿಡ್ಕೊಳ್ಳಲಾ?”

“ನೀವೇನು ನಂಗೆ ಮೇಷ್ಟ್ರಾ? ನೀವು ಕಾಜ ನೋಡ್ಕೊಳ್ಳಿ.”

ಕಾಜ ನೋಡಿಕೊಂಡೆ. ಮೊದಲನೆಯದಕ್ಕೆ ಎರಡು ಸಲ ಬೆರಳು ಚುಚ್ಚಿಕೊಂಡೆ, ಎರಡನೆಯದು ಸೊಟ್ಟಗಾಯಿತು. ಅವಳು ಒಂದು ದಿನಕ್ಕೆ ಇಂಥವು ನಲವತ್ತು ಹೊಲಿಯುತ್ತಿದ್ದಳು, ನಾನು ಅದನ್ನು ಐದು ಗುಂಡಿಯ ಕೆಲಸ ಎನ್ನುತ್ತಿದ್ದೆ. ಹನ್ನೊಂದು ಗಂಟೆಗೆ ಒಬ್ಬ ಗಿರಾಕಿ ಬಾಗಿಲಲ್ಲಿ ನಿಂತು, ಸ್ಟೂಲಿನ ಕಡೆ ನೋಡದೆಯೇ, “ಸಣ್ಣಮ್ಮ ಇಲ್ವಾ?” ಎಂದರು. ನಾನು ಸೂಜಿಯಿಂದಲೇ ಮಿಷನ್ನಿನ ಕಡೆ ತೋರಿಸಿದೆ.

ಮಧ್ಯಾಹ್ನದ ಹೊತ್ತಿಗೆ ದಾರ ಕಿತ್ತುಹೋಗುವುದು ಕಮ್ಮಿಯಾಯಿತು. ಸಂಜೆಯಾಗುವಷ್ಟರಲ್ಲಿ ನನ್ನ ಬೆನ್ನ ಹಿಂದೆ ಮಿಷನ್ನು ಒಂದೇ ಸಮನೆ ಓಡುತ್ತಿತ್ತು. ತಿರುಗಿ ನೋಡಬಾರದು ಎಂದುಕೊಂಡೂ ನೋಡಿದೆ. ನೇರ ಹೊಲಿಗೆ, ಎಲ್ಲೂ ಸೊಟ್ಟಗಿಲ್ಲ. ಒಂದೇ ದಿನದಲ್ಲಿ! ಹೊಟ್ಟೆಯೊಳಗೆ ಆ ಹಳೇ ಉರಿ ಎದ್ದು ಕೂತಿತು. ಹೋಗಿ ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿಬಿಡಬೇಕು ಎಂದು ಬಲಗೈ ತಾನಾಗಿಯೇ ಮೇಲೆದ್ದಿತು.

ಕೈಯಲ್ಲಿ ಕಾಜ ಅರ್ಧಕ್ಕೆ ನಿಂತಿತ್ತು. ಸೂಜಿಗೆ ಹೊಸ ದಾರ ಪೋಣಿಸಿಕೊಂಡು ಮಿಕ್ಕರ್ಧ ಹೊಲಿಯಲು ಕೂತೆ.